ಜೇನು ಪಾಲು ಮಾಡಿದ ಮೇಲಿನ ನಲವತ್ತೈದು ದಿನ

ಹರಪನಹಳ್ಳಿ ಸೀಮೆಯಲ್ಲಿ ಜೂನ್‌ನಲ್ಲಿ ಬಿತ್ತಿದ ಮೆಕ್ಕೆಜೋಳ ಆಗಸ್ಟ್ ಹೊತ್ತಿಗೆ ಸೂಲಂಗಿ ಬಿಡುತ್ತದೆ. ಬಿಸಿಲೇರುವ ಮುನ್ನ ಹೊಲದ ಬದುವಿನ ಮೇಲೆ ನಿಂತರೆ ತಲೆಯ ಮೇಲೆಲ್ಲ ಜೇನಿನ ಸದ್ದು. ಹಿತ್ತಲ ಪೆಟ್ಟಿಗೆಗೆ ನೊಣಗಳು ಕಾಲ ತುಂಬ ಪರಾಗ ಹೊತ್ತು ತರುತ್ತವೆ. ರಾಣಿ ಬಿಡುವಿಲ್ಲದೆ ಮೊಟ್ಟೆ ಇಡುತ್ತದೆ. ಐದು ಎರಿ ಇದ್ದದ್ದು ಏಳೆಂಟಾಗುತ್ತದೆ, ಎರಿಗಳ ಕೆಳ ಅಂಚಿನಲ್ಲಿ ಗಂಡು ನೊಣದ ಉಬ್ಬು ಕೋಶಗಳು ಕಾಣಿಸಿಕೊಳ್ಳುತ್ತವೆ. ಒಂದು ಪೆಟ್ಟಿಗೆಯನ್ನು ಎರಡು ಮಾಡಿಕೊಳ್ಳುವ ಆಸೆ ಹುಟ್ಟುವುದು ಆಗಲೇ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳ ನಡುವೆ ಪಾಲು ಮಾಡಲು ಇದು ಒಳ್ಳೆಯ ಕಾಲವೇ. ಆದರೆ ಪಾಲು ಮಾಡುವುದು ಒಂದು ಸಂಜೆಯ ಕೆಲಸ, ಪಾಲಾದ ಎರಡೂ ಸಂಸಾರಗಳನ್ನು ಉಳಿಸಿಕೊಳ್ಳುವುದು ಆರೇಳು ವಾರದ ಕೆಲಸ. ತರಬೇತಿಗಳಲ್ಲಿ ಮೊದಲನೆಯದನ್ನು ಕೈಹಿಡಿದು ತೋರಿಸುತ್ತಾರೆ. ಎರಡನೆಯದನ್ನು ರೈತರು ಮನೆಯಲ್ಲಿ ಒಬ್ಬರೇ ಮಾಡಬೇಕಾಗುತ್ತದೆ. ಹೆಚ್ಚಿನ ಸಂಸಾರಗಳು ಕೈತಪ್ಪುವುದೂ ಅಲ್ಲೇ. ಈ ಲೇಖನ ಆ ಆರೇಳು ವಾರಗಳ ಬಗ್ಗೆ.

ಮೊದಲು ದಿನದ ಲೆಕ್ಕ

ರಾಣಿ ಇಲ್ಲದ ನೊಣಗಳು ಎಳೆಯ ಕೆಲಸಗಾರ ಹುಳುವಿನಿಂದಲೇ ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ ಎಂಬುದನ್ನು 18ನೇ ಶತಮಾನದಲ್ಲಿ ಜರ್ಮನಿಯ ಸ್ಯಾಕ್ಸನಿಯ ಪಾದ್ರಿ ಆಡಮ್ ಗಾಟ್ಲೋಬ್ ಶಿರಾಕ್ ತೋರಿಸಿಕೊಟ್ಟರು. ಇವತ್ತು ನಾವು ಮಾಡುವ ಪಾಲೆಲ್ಲ ನಿಂತಿರುವುದು ಆ ಒಂದು ತಿಳಿವಳಿಕೆಯ ಮೇಲೆ. ರಾಣಿ ಮೊಟ್ಟೆಯಿಂದ ಹೊರಬರಲು ಸುಮಾರು 16 ದಿನ ಬೇಕು, ನಮ್ಮ ನಾಡ ಜೇನಾದ ತುಡುವೆಯಲ್ಲಿ ಒಂದು ದಿನ ಹಿಂದುಮುಂದು. ಕೆಲಸಗಾರ ನೊಣಕ್ಕೆ ಯುರೋಪಿನ ಜೇನಾದ ಮೆಲ್ಲಿಫೆರಾದಲ್ಲಿ 21 ದಿನ, ತುಡುವೆಯಲ್ಲಿ ಅದಕ್ಕಿಂತ ಒಂದೆರಡು ದಿನ ಕಡಿಮೆ. ಗಂಡು ನೊಣಕ್ಕೆ 24 ದಿನ. ಗಂಡು ಹುಟ್ಟಿದ ತಕ್ಷಣ ಕೂಡಲಾರದು, ಬಲಿಯಲು ಮತ್ತೆ ಹತ್ತು ಹನ್ನೆರಡು ದಿನ ಬೇಕು.

ಈಗ ರಾಣಿಯಿಲ್ಲದ ಪಾಲಿನ ಲೆಕ್ಕ ಹಾಕಿ. ಪಾಲು ಮಾಡಿದ ದಿನ ಆಗತಾನೆ ಮೊಟ್ಟೆಯೊಡೆದ ಹುಳುವನ್ನು ನೊಣಗಳು ಆರಿಸಿಕೊಂಡರೆ ಹನ್ನೆರಡು ಹದಿಮೂರನೇ ದಿನಕ್ಕೆ ರಾಣಿ ಹೊರಬರುತ್ತದೆ. ಮೈ ಗಟ್ಟಿಯಾಗಲು ಐದಾರು ದಿನ. ಆಮೇಲೆ ಬಿಸಿಲಿರುವ ಮಧ್ಯಾಹ್ನಗಳಲ್ಲಿ ಹೊರಗೆ ಹಾರಿ ಗಂಡುಗಳನ್ನು ಕೂಡಿ ಬರಬೇಕು. ಎಲ್ಲ ಸರಿಹೋದರೆ ಇಪ್ಪತ್ತೆರಡು, ಇಪ್ಪತ್ತೈದನೇ ದಿನದ ಸುಮಾರಿಗೆ ಮೊದಲ ಮೊಟ್ಟೆ. ಆ ಮೊಟ್ಟೆಯ ನೊಣ ಹೊರಬರುವುದು ನಲವತ್ತೈದನೇ ದಿನದ ಆಸುಪಾಸಿನಲ್ಲಿ. ಅದು ಹೂವಿಗೆ ಹೋಗಲು ಇನ್ನೂ ಎರಡು ಮೂರು ವಾರ.

ಇದರಲ್ಲಿ ಕಣ್ಣಿಗೆ ಬೀಳದ ಒಂದು ಗುಂಡಿ ಇದೆ. ಹಳೇ ರಾಣಿ ಇಟ್ಟ ಕೊನೆಯ ಮೊಟ್ಟೆಗಳು ಇಪ್ಪತ್ತನೇ ದಿನಕ್ಕೆ ನೊಣಗಳಾಗಿ ಹೊರಬಂದುಬಿಡುತ್ತವೆ. ಹೊಸ ರಾಣಿಯ ಮೊದಲ ನೊಣ ಬರುವುದು ನಲವತ್ತೈದಕ್ಕೆ. ನಡುವಿನ ಮೂರೂವರೆ ವಾರ ಆ ಪೆಟ್ಟಿಗೆಯಲ್ಲಿ ಒಂದು ನೊಣವೂ ಹುಟ್ಟುವುದಿಲ್ಲ. ಹೂವಿಗೆ ಹೋದವು ದಿನವೂ ಸಾಯುತ್ತಿರುತ್ತವೆ. ಪಾಲು ಮಾಡಿದ ಹೊಸದರಲ್ಲಿ ತುಂಬಿ ತುಳುಕುತ್ತಿದ್ದ ಪೆಟ್ಟಿಗೆ ಒಂದು ತಿಂಗಳಿಗೆ ಬರಿದಾದಂತೆ ಕಾಣುವುದು ಇದರಿಂದಲೇ. ರೋಗ ಬಂತೇನೋ, ಕಣ್ಣು ತಗುಲಿತೇನೋ ಎಂದು ಕಂಗಾಲಾಗುವವರಿದ್ದಾರೆ. ಅದು ರೋಗವಲ್ಲ. ಆದರೆ ಇರುವೆ, ಮೇಣದ ಹುಳು, ಕಳ್ಳ ಜೇನು ಎಲ್ಲವೂ ಹೊಂಚು ಹಾಕಿ ಬರುವುದು ಆ ದಿನಗಳಲ್ಲೇ. ಆದ್ದರಿಂದ ಪಾಲಿನ ನಂತರದ ಎಲ್ಲ ಕೆಲಸವೂ ಈ ಗುಂಡಿಯನ್ನು ದಾಟಿಸುವ ಕೆಲಸ.

ಯಾವ ಮಳೆಗೆ ಪಾಲು?

ಪಂಚಾಂಗ ನೋಡಿ ಬಿತ್ತುವವರಿಗೆ ಈ ಲೆಕ್ಕ ಕಷ್ಟವಲ್ಲ. ಹೂವು ಯಾವಾಗ ಬರುತ್ತದೋ ಅಲ್ಲಿಂದ ಎರಡು ತಿಂಗಳು ಹಿಂದಕ್ಕೆ ಎಣಿಸಬೇಕು. ನಮ್ಮ ಕಡೆ ತೊಗರಿ ಹೂವಾಡುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಗುರೆಳ್ಳು ಅದಕ್ಕಿಂತ ಸ್ವಲ್ಪ ಮೊದಲು. ಹಡಗಲಿ, ಹಗರಿಬೊಮ್ಮನಹಳ್ಳಿಯ ಎರೆಹೊಲಗಳಲ್ಲಿ ಹಿಂಗಾರಿನ ಸೂರ್ಯಕಾಂತಿ, ಕೊತ್ತಂಬರಿ ನವೆಂಬರ್‌ನಿಂದ ಶುರುವಾಗುತ್ತವೆ, ಅವುಗಳ ಬೆನ್ನಿಗೆ ಕುಸುಬೆ. ಇವನ್ನೆಲ್ಲ ಉಣ್ಣಲು ಪೆಟ್ಟಿಗೆ ತಯಾರಿರಬೇಕೆಂದರೆ ಮಘೆ ಮಳೆಯ ಹೊತ್ತಿಗೆ, ಅಂದರೆ ಆಗಸ್ಟ್ ಹದಿನೇಳರಿಂದ ತಿಂಗಳ ಕೊನೆಯೊಳಗೆ, ಪಾಲು ಮುಗಿದಿರಬೇಕು. ಆಗ ರಾಣಿಯ ಕೂಡಿಕೆಯ ಹಾರಾಟ ಸೆಪ್ಟೆಂಬರ್ ಮೊದಲ ಭಾಗಕ್ಕೆ ಬರುತ್ತದೆ. ತಡಮಾಡಿ ಉತ್ತರೆ ಮಳೆಗೆ ಪಾಲು ಮಾಡಿದರೆ ಹಾರಾಟ ಹಸ್ತ, ಚಿತ್ತೆಯ ಸುರಿತಕ್ಕೆ ಸಿಕ್ಕಿಬೀಳುತ್ತದೆ. ಈ ಭಾಗದಲ್ಲಿ ವರ್ಷದ ದೊಡ್ಡ ಮಳೆಗಳು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ದಿನಗಟ್ಟಲೆ ಮೋಡ ಕವಿದು ರಾಣಿ ಮೂರು ನಾಲ್ಕು ವಾರ ಹೊರಗೆ ಹೋಗಲಾರದೆ ಉಳಿದರೆ ಆಮೇಲೆ ಕೂಡುವ ಶಕ್ತಿಯೇ ಹೋಗುತ್ತದೆ. ಅದು ಇಡುವ ಮೊಟ್ಟೆಗಳಿಂದ ಬರಿ ಗಂಡು ನೊಣ ಹುಟ್ಟುತ್ತವೆ.

ಎರೆಭೂಮಿಯವರಿಗೆ ಡಿಸೆಂಬರ್‌ನಲ್ಲಿ ಇನ್ನೊಂದು ಅವಕಾಶವಿದೆ. ಕೂಡ್ಲಿಗಿ, ಕೊಟ್ಟೂರಿನ ಮಸಾರಿ ಹೊಲಗಳ ನಡುವೆ ಆಗ ಹೂವು ತೀರ ಕಡಿಮೆ. ಪೆಟ್ಟಿಗೆಯನ್ನು ಹಡಗಲಿ ಕಡೆಯ ಸೂರ್ಯಕಾಂತಿಗೆ ಒಯ್ಯುವುದಾದರೆ ಮಾತ್ರ ಯೋಚಿಸಬಹುದು. ಜನವರಿ ದಾಟಿದ ಮೇಲೆ ಪಾಲು ಬೇಡವೇ ಬೇಡ. ಬೇವು, ಹೊಂಗೆ, ಆಮೇಲೆ ಹುಣಸೆ ಹೂವಾಡುತ್ತವೆ, ಬಳ್ಳಾರಿ ಜಾಲಿಯೂ ಕೈಬಿಡುವುದಿಲ್ಲ, ನಿಜ. ಆದರೆ ಅವು ಇದ್ದ ಸಂಸಾರವನ್ನು ಬೇಸಿಗೆ ದಾಟಿಸುವ ಹೂವುಗಳು. ಹೊಸ ಸಂಸಾರ ಕಟ್ಟಿಕೊಡುವಷ್ಟು ಭಾರ ಅವುಗಳ ಮೇಲೆ ಹೊರಿಸಬಾರದು.

ಹಡಗಲಿಯ ಹೊಸಬರಿಗೆ ಒಂದು ಮಾತು. ಊರ ಹೆಸರಲ್ಲೇ ಹೂವಿದೆ, ಮಲ್ಲಿಗೆ ತೋಟಗಳಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ಮಲ್ಲಿಗೆಯನ್ನು ಮೊಗ್ಗಿದ್ದಾಗಲೇ ಕಿತ್ತು ಮಾರುಕಟ್ಟೆಗೆ ಕಳಿಸುತ್ತಾರೆ, ಜೇನಿಗೆ ಉಳಿಯುವುದು ಅಷ್ಟರಲ್ಲೇ ಇದೆ. ಮಲ್ಲಿಗೆ ತೋಟ ಪಕ್ಕದಲ್ಲಿದೆ ಎಂದು ಪಾಲು ಮಾಡಿ ಆಹಾರ ಕೊಡದೆ ಬಿಟ್ಟರೆ ಸಂಸಾರ ಉಪವಾಸ ಬೀಳುತ್ತದೆ. ತೋಟದ ಬದುವಿನ ನುಗ್ಗೆ, ತೆಂಗು ಅದಕ್ಕಿಂತ ಎಷ್ಟೋ ಮೇಲು.

ತಿಂಗಳು ಯಾವುದೇ ಇರಲಿ, ಒಂದು ಗುರುತು ಮಾತ್ರ ಕಡ್ಡಾಯ. ಪೆಟ್ಟಿಗೆಯಲ್ಲಿ ದೊಡ್ಡ ಕಣ್ಣಿನ, ಕಪ್ಪು ಮೈಯ ಗಂಡು ನೊಣಗಳು ಹಾರಾಡುತ್ತಿರಬೇಕು. ಇಲ್ಲವಾದರೆ ಮುಚ್ಚಿದ ಗಂಡು ಕೋಶಗಳಾದರೂ ಧಾರಾಳವಾಗಿ ಇರಬೇಕು. ತುಡುವೆಯಲ್ಲಿ ಇದನ್ನು ಗುರುತಿಸುವುದು ಸುಲಭ: ಬಲಿತ ಗಂಡು ಕೋಶದ ಮುಚ್ಚಳ ಗೋಪುರದಂತೆ ಮೇಲೆದ್ದು, ತುದಿಯಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ತೂತು ಇರುತ್ತದೆ. ಆ ತೂತಿನ ಮುಚ್ಚಳಗಳು ಕಾಣದಿದ್ದರೆ ಹೊಸ ರಾಣಿಗೆ ಜೊತೆ ಸಿಗುವ ನಂಬಿಕೆಯಿಲ್ಲ, ಪಾಲನ್ನು ಮುಂದೂಡಿ.

ಪಾಲಿನ ಸಂಜೆ

ತುಡುವೆಯಾದರೆ ಏಳೆಂಟು ಎರಿ ನೊಣಗಳಿಂದ ಮುಚ್ಚಿರುವ ಪೆಟ್ಟಿಗೆಯನ್ನೇ ಮುಟ್ಟಬೇಕು. ಎರಡೂ ಕಡೆ ಕನಿಷ್ಠ ಮೂರು ನಾಲ್ಕು ಎರಿ ಹೋಗಬೇಕು: ಮುಚ್ಚಿದ ಮರಿಕೋಶದ್ದೊಂದು, ಮೊಟ್ಟೆ ಮತ್ತು ಎಳೆ ಹುಳುವಿನದ್ದೊಂದು, ಜೇನು ಪರಾಗ ಇರುವುದೊಂದು. ಒಂದು ಎಚ್ಚರ. ನ್ಯೂಟನ್ ಪೆಟ್ಟಿಗೆಯ ತುಡುವೆ ಎರಿಯನ್ನು ಮೆಲ್ಲಿಫೆರಾಕ್ಕೆ, ಅದರದ್ದನ್ನು ಇದಕ್ಕೆ ಕೊಡುವ ಮಾತೇ ಬೇಡ. ಅವು ಒಂದನ್ನೊಂದು ಸೇರುವ ಜಾತಿಗಳಲ್ಲ.

ಪಾಲಿನ ಮರುದಿನದ ದೊಡ್ಡ ಕಷ್ಟ ಹಳೇ ಜಾಗದ ನೆನಪು. ಹೂವಿಗೆ ಹೋಗಿ ಬರುವ ನೊಣಗಳು ತಾವು ಹೊರಟ ಜಾಗಕ್ಕೇ ಬರುತ್ತವೆ, ಪೆಟ್ಟಿಗೆಯನ್ನು ನೀವು ಹತ್ತು ಗಜ ಆಚೆ ಇಟ್ಟಿದ್ದೀರಿ ಎಂಬುದು ಅವಕ್ಕೆ ಗೊತ್ತಿಲ್ಲ. ಹೀಗಾಗಿ ಹೊಸ ಜಾಗದ ಪೆಟ್ಟಿಗೆ ಒಂದೇ ದಿನದಲ್ಲಿ ಅರ್ಧ ಖಾಲಿಯಾಗುತ್ತದೆ. ಇದನ್ನು ತಪ್ಪಿಸುವ ದಾರಿಗಳಲ್ಲಿ ಈ ಭಾಗಕ್ಕೆ ಚೆನ್ನಾಗಿ ಒಗ್ಗುವುದು, ಹಳೇ ರಾಣಿಯನ್ನೇ ಒಂದಷ್ಟು ಮುಚ್ಚಿದ ಮರಿ ಎರಿಗಳ ಜೊತೆ ಹೊಸ ಜಾಗಕ್ಕೆ ಒಯ್ದು, ಮೊಟ್ಟೆ ಮತ್ತು ಎಳೆ ಹುಳುವಿನ ಎರಿಗಳನ್ನು ಹಳೇ ಜಾಗದಲ್ಲಿ ಬಿಡುವುದು. ಹೊರಗೆ ದುಡಿಯುವ ನೊಣಗಳೆಲ್ಲ ಹಳೇ ಜಾಗಕ್ಕೆ ಬಂದು ಸೇರುತ್ತವೆ. ಅಲ್ಲಿ ಜನ ತುಂಬಿರುತ್ತಾರೆ, ಆಹಾರ ಬರುತ್ತಿರುತ್ತದೆ, ಹೊಸ ರಾಣಿ ಚೆನ್ನಾಗಿ ಉಂಡು ಬೆಳೆಯುತ್ತದೆ. ಹೊಸ ಜಾಗದ ಪೆಟ್ಟಿಗೆಗೆ ಇನ್ನೊಂದೆರಡು ಎರಿಯ ಎಳೆ ನೊಣಗಳನ್ನು ಕೊಡವಿ ಸೇರಿಸಿ. ಅವು ಇನ್ನೂ ಹಾರಾಟ ಕಲಿತಿಲ್ಲವಾದ್ದರಿಂದ ಅಲ್ಲೇ ನಿಲ್ಲುತ್ತವೆ. ಕೊಡವುವ ಮುನ್ನ ರಾಣಿ ಯಾವ ಎರಿಯ ಮೇಲಿದೆ ಎಂದು ಕಣ್ಣಾರೆ ನೋಡಿರಬೇಕು.

ಬೇರೆ ಊರಿನಲ್ಲಿ ಗೆಳೆಯರೋ ನೆಂಟರೋ ಇದ್ದರೆ ಇನ್ನೂ ಸುಲಭ. ಕೊಟ್ಟೂರಿನವರು ಒಂದು ಪಾಲನ್ನು ರಾತ್ರಿಯೇ ಬಾಗಿಲಿಗೆ ಜಾಳಿಗೆ ಬಡಿದು ಉಜ್ಜಿನಿ ಕಡೆಯ ತೋಟಕ್ಕೆ ಒಯ್ದು ಇಟ್ಟರೆ ನೊಣಗಳು ಹಿಂದಿರುಗುವ ಪ್ರಶ್ನೆಯೇ ಇಲ್ಲ. ತುಡುವೆಗೆ ಎರಡು ಕಿಲೋಮೀಟರ್, ಮೆಲ್ಲಿಫೆರಾಕ್ಕೆ ಮೂರಕ್ಕಿಂತ ಹೆಚ್ಚು ದೂರವಾದರೆ ಸಾಕು.

ಹೊಸ ಪೆಟ್ಟಿಗೆಯ ಬಾಗಿಲನ್ನು ಎರಡು ನೊಣ ಓಡಾಡುವಷ್ಟಕ್ಕೆ ಕಿರಿದು ಮಾಡಿ. ನೊಣ ಮುಚ್ಚದ ಎರಿಯನ್ನು ಒಳಗೆ ಬಿಡಬೇಡಿ, ಎರಿಗಳ ಪಕ್ಕಕ್ಕೆ ಡಮ್ಮಿ ಹಲಗೆ ಇಟ್ಟು ಜಾಗ ಕುಗ್ಗಿಸಿ. ಮರಿಗಳಿಗೆ 34, 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಕಡಿಮೆ ನೊಣಗಳು ಅಷ್ಟು ಕಾವನ್ನು ಕಾಯ್ದುಕೊಳ್ಳುವುದು ಸಣ್ಣ ಕೋಣೆಯಲ್ಲಿ ಮಾತ್ರ.

ಅದೇ ಸಂಜೆಯಿಂದ ಸಕ್ಕರೆ ಪಾನಕ. ಮೆಕ್ಕೆಜೋಳದ ಸೀಮೆಯಲ್ಲಿ ಇದನ್ನು ಒತ್ತಿ ಹೇಳಬೇಕು. ಮೆಕ್ಕೆಜೋಳದಲ್ಲಿ ಪರಾಗ ಉಂಟು, ಮಕರಂದ ಇಲ್ಲ. ನೊಣಗಳ ಕಾಲಲ್ಲಿ ಹಳದಿ ಉಂಡೆ ನೋಡಿ ಆಹಾರ ಸಾಕಷ್ಟಿದೆ ಎಂದುಕೊಳ್ಳುತ್ತೇವೆ, ಒಳಗೆ ಜೇನಿನ ಕೋಶಗಳು ಒಣಗಿರುತ್ತವೆ. ಕಾಯಿಸಿ ಆರಿಸಿದ ನೀರಿಗೆ ಸಮತೂಕ ಸಕ್ಕರೆ ಕಲಸಿ, ತುಡುವೆಯ ಪೆಟ್ಟಿಗೆಗೆ ಕಾಲು ಲೀಟರ್‌ನಷ್ಟು, ದಿನ ಬಿಟ್ಟು ದಿನ ಕೊಡಿ. ಬೆಲ್ಲ ಬೇಡ, ನೊಣಗಳಿಗೆ ಭೇದಿಯಾಗುತ್ತದೆ. ಕತ್ತಲಾಗುವ ಹೊತ್ತಿಗೆ ಪೆಟ್ಟಿಗೆಯ ಒಳಗೇ ಇಡಬೇಕು, ಒಂದು ಹನಿಯೂ ಹೊರಗೆ ಚೆಲ್ಲಬಾರದು. ಚೆಲ್ಲಿದರೆ ನೆರೆಯ ಬಲವಾದ ಪೆಟ್ಟಿಗೆಗೆ ವಾಸನೆ ಸಿಕ್ಕಿ ಕಳ್ಳತನ ಶುರುವಾಗುತ್ತದೆ. ಬಾಗಿಲಲ್ಲಿ ನೊಣಗಳು ಉರುಳಾಡಿ ಜಗಳವಾಡುವುದು, ಅಡಿಮಣೆಯ ಮೇಲೆ ಮೇಣದ ಪುಡಿ ಬೀಳುವುದು ಅದರ ಗುರುತು. ಕೂಡಲೇ ಬಾಗಿಲನ್ನು ಒಂದೇ ನೊಣದಷ್ಟು ಕಿರಿದು ಮಾಡಿ, ಮುಂದೆ ಒದ್ದೆ ಹುಲ್ಲು ಒರಗಿಸಿ, ಪಾನಕ ನಿಲ್ಲಿಸಿ.

ರಾಣಿ ಕೋಶ ನೋಡುವ ದಿನ

ನಾಲ್ಕು, ಐದನೇ ದಿನ ರಾಣಿಯಿಲ್ಲದ ಪೆಟ್ಟಿಗೆಯನ್ನು ಒಮ್ಮೆ ತೆರೆಯಲೇಬೇಕು. ಶೇಂಗಾ ಕಾಯಿಯಂತೆ ತಲೆಕೆಳಗಾಗಿ ಇಳಿಬಿದ್ದ ಕೋಶಗಳು ಕಾಣುತ್ತವೆ. ಅಷ್ಟರಲ್ಲೇ ಬಾಯಿ ಮುಚ್ಚಿಕೊಂಡವು ಇದ್ದರೆ ಅವನ್ನು ಕಿತ್ತುಹಾಕಿ. ಅವು ಆಗಲೇ ಬೆಳೆದುಬಿಟ್ಟಿದ್ದ ಹುಳುವಿನಿಂದ ಅವಸರದಲ್ಲಿ ಮಾಡಿಕೊಂಡ ರಾಣಿಗಳು, ಗಾತ್ರದಲ್ಲಿ ಚಿಕ್ಕವು, ಮೊಟ್ಟೆಯೂ ಕಡಿಮೆ. ಇನ್ನೂ ಬಾಯಿ ತೆರೆದಿರುವ, ಒಳಗೆ ಹಾಲಿನಂಥ ರಾಜಾನ್ನದಲ್ಲಿ ಹುಳು ತೇಲುತ್ತಿರುವ, ದೊಡ್ಡದಾದ ಎರಡು ಕೋಶ ಉಳಿಸಿದರೆ ಸಾಕು. ಎಲ್ಲವನ್ನೂ ಬಿಟ್ಟರೆ ಮೊದಲು ಹುಟ್ಟಿದ ರಾಣಿ ಒಂದಷ್ಟು ನೊಣಗಳನ್ನು ಕರೆದುಕೊಂಡು ಹೋಗಿಬಿಡುತ್ತದೆ. ತುಡುವೆಗೆ ಈ ಚಾಳಿ ಹೆಚ್ಚು. ಇಷ್ಟು ಪಾಡುಪಟ್ಟು ಮಾಡಿದ ಪಾಲು ಮತ್ತೆ ಪಾಲಾಗಿ ಯಾರದೋ ಹುಣಸೆಮರದ ಪೊಟರೆ ಸೇರುತ್ತದೆ. ಕೋಶವಿರುವ ಎರಿಯನ್ನು ಕೊಡವಬಾರದು, ತಲೆಕೆಳಗು ಮಾಡಬಾರದು, ಬಿಸಿಲಲ್ಲಿ ಹಿಡಿದು ಮಾತಾಡುತ್ತ ನಿಲ್ಲಬಾರದು.

ಬೇರೆ ಬಲವಾದ ಪೆಟ್ಟಿಗೆಯಲ್ಲಿ ಮುಚ್ಚಿದ ಒಳ್ಳೆಯ ರಾಣಿ ಕೋಶ ಸಿಕ್ಕಿದರೆ ಅದನ್ನು ಎರಿಯ ತುಂಡು ಸಮೇತ ಕೊಯ್ದು ಕೊಡಬಹುದು. ಹಾಗೆ ಮಾಡಿದರೆ ಒಂದು ವಾರಕ್ಕೂ ಮಿಕ್ಕಿ ಸಮಯ ಉಳಿಯುತ್ತದೆ. ಆದರೆ ಯಾವ ಪೆಟ್ಟಿಗೆಯಿಂದ ತರುತ್ತೀರಿ ಎಂಬುದು ಮುಖ್ಯ. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕರ್ನಾಟಕದ ತುಡುವೆ ಸಂಸಾರಗಳನ್ನು ಹೆಚ್ಚುಕಡಿಮೆ ನೆಲಸಮ ಮಾಡಿತು. ಕೊಡಗು, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ಆ ರೋಗ ಈಗಲೂ ಇದೆ. ಕೋಶದ ಮುಚ್ಚಳ ತೆರೆದು, ಒಳಗೆ ಹುಳು ಸತ್ತು ನೀರು ತುಂಬಿದ ಚೀಲದಂತಾಗಿ, ತಲೆ ಮೇಲೆ ಮಾಡಿ ನೆಟ್ಟಗೆ ಮಲಗಿದ್ದರೆ ಅದೇ. ಅಂಥ ಒಂದು ಹುಳು ಕಂಡರೂ ಆ ಪೆಟ್ಟಿಗೆಯಿಂದ ಎರಿಯಾಗಲಿ, ಕೋಶವಾಗಲಿ ಹೊರಗೆ ಹೋಗಬಾರದು, ಅದನ್ನು ಪಾಲೂ ಮಾಡಬಾರದು.

ಮುಟ್ಟದೆ ನೋಡುವ ದಿನಗಳು

ಹನ್ನೆರಡನೇ ದಿನದಿಂದ ಸುಮಾರು ಇಪ್ಪತ್ತೈದನೇ ದಿನದವರೆಗೆ ರಾಣಿಯಿಲ್ಲದಿದ್ದ ಪೆಟ್ಟಿಗೆಯನ್ನು ತೆರೆಯದಿರುವುದೇ ದೊಡ್ಡ ಉಪಕಾರ. ಕನ್ಯೆ ರಾಣಿ ಬೆದರು ಸ್ವಭಾವದ್ದು, ಬೆಳಕು ಬಿದ್ದರೆ ಹಾರಿಬಿಡುತ್ತದೆ. ಮಧ್ಯಾಹ್ನ ಅದು ಹೊರಗೆ ಹೋದಾಗ ನೀವು ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದರೆ ವಾಪಸ್ ಬಾಗಿಲು ಹುಡುಕಲಾರದು. ಪೆಟ್ಟಿಗೆಯನ್ನು ಜರುಗಿಸುವುದು, ಮುಂದಿನ ಗಿಡ ಕಡಿಯುವುದು, ಪಕ್ಕಕ್ಕೆ ಟ್ರಾಲಿ ತಂದು ನಿಲ್ಲಿಸುವುದು ಇವೆಲ್ಲ ಅದರ ದಾರಿ ತಪ್ಪಿಸುತ್ತವೆ. ಒಂದೇ ಸಾಲಿನಲ್ಲಿ ಒಂದೇ ಬಣ್ಣದ ಪೆಟ್ಟಿಗೆಗಳಿದ್ದರೆ ರಾಣಿ ಪಕ್ಕದ ಬಾಗಿಲಿಗೆ ಹೊಕ್ಕು ಸಾಯುವುದುಂಟು. ಬಾಗಿಲುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ. ಒಂದಕ್ಕೆ ನೀಲಿ, ಒಂದಕ್ಕೆ ಹಳದಿ, ಒಂದಕ್ಕೆ ಬಿಳಿ ಪಟ್ಟೆ ಬಳಿಯಿರಿ. ಕೆಂಪು ಬೇಡ, ಜೇನಿನ ಕಣ್ಣಿಗೆ ಅದು ಬಣ್ಣವಾಗಿ ಕಾಣುವುದಿಲ್ಲ.

ರಾಣಿ ಕೂಡುವುದು ಗೂಡಿನ ಹೊರಗೆ, ಆಕಾಶದಲ್ಲಿ ಎಂದು 1792ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಸ್ವಿಟ್ಜರ್ಲೆಂಡಿನ ಫ್ರಾನ್ಸ್ವಾ ಹ್ಯೂಬರ್ ವಿವರಿಸಿದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಸಹಾಯಕ ನೋಡಿ ಹೇಳಿದ್ದನ್ನು ಕೇಳಿ, ಪ್ರಶ್ನೆ ಹಾಕಿ, ಮತ್ತೆ ನೋಡಿಸಿ ಅದನ್ನು ಕಂಡುಕೊಂಡರು. ಸ್ವತಃ ನೋಡಲಾಗದೆಯೂ ಎಷ್ಟು ತಿಳಿಯಬಹುದು ಎಂಬುದಕ್ಕೆ ಅವರ ಕೆಲಸಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಕಿಲ್ಲ. ನಮ್ಮ ಪಾಲಿಗೆ ಬಾಗಿಲ ಬಳಿ ಕಾಲು ಗಂಟೆ ಕೂತರೆ ಸಾಕು. ಬೆಳಿಗ್ಗೆ ಪರಾಗದ ಉಂಡೆಗಳು ಒಂದರ ಹಿಂದೊಂದು ಒಳಗೆ ಹೋಗುತ್ತಿದ್ದರೆ, ನೊಣಗಳು ನೇರ ಬಂದು ನೇರ ಇಳಿಯುತ್ತಿದ್ದರೆ ಒಳಗೆ ಎಲ್ಲ ಸರಿಯಿದೆ. ಪರಾಗ ನಿಂತು, ನೊಣಗಳು ಬಾಗಿಲಲ್ಲಿ ಅತ್ತಿತ್ತ ತಡಕಾಡಿ, ಕಿವಿಗೊಟ್ಟರೆ ಒಳಗಿಂದ ಅಳುವಿನಂಥ ಉದ್ದನೆಯ ಗುಂಯ್ ಸದ್ದು ಬಂದರೆ ರಾಣಿ ಕೈತಪ್ಪಿದೆ.

ತೆರೆಯಲೇಬೇಕೆನ್ನಿಸಿದರೆ ಬೆಳಿಗ್ಗೆ ಹತ್ತರೊಳಗೆ ರಾಣಿ ಕೋಶವಿದ್ದ ಎರಿಯೊಂದನ್ನೇ ಮೆಲ್ಲನೆ ಎತ್ತಿ ನೋಡಿ. ಕೋಶದ ತುದಿ ಡಬ್ಬಿಯ ಮುಚ್ಚಳದಂತೆ ದುಂಡಗೆ ಕತ್ತರಿಸಿ, ಒಂದು ಕಡೆ ಅಂಟಿಕೊಂಡು ನೇತಾಡುತ್ತಿದ್ದರೆ ರಾಣಿ ತಾನಾಗಿ ಹೊರಬಂದಿದೆ. ಪಕ್ಕದ ಗೋಡೆಯಲ್ಲಿ ಹರಿದ ತೂತು ಇದ್ದರೆ ಆ ಕೋಶವನ್ನು ಇನ್ನೊಂದು ರಾಣಿಯೋ ನೊಣಗಳೋ ಒಡೆದು ಹಾಕಿವೆ. ಅಷ್ಟು ಕಂಡರೆ ಸಾಕು, ಮುಚ್ಚಿ.

ಹಿಂದೆ ಹೇಳಿದ ಹುಟ್ಟಿಲ್ಲದ ಗುಂಡಿಗೆ ಮದ್ದು ಹಳೇ ರಾಣಿಯ ಪೆಟ್ಟಿಗೆಯಲ್ಲಿದೆ. ಅದು ಈ ಹೊತ್ತಿಗೆ ಚೇತರಿಸಿಕೊಂಡು ಮರಿ ತುಂಬಿಕೊಂಡಿರುತ್ತದೆ. ಹೊಸ ರಾಣಿ ಮೊಟ್ಟೆ ಇಡಲು ಶುರುಮಾಡಿದ್ದು ಖಚಿತವಾದ ಕೂಡಲೇ ಹಳೇ ರಾಣಿಯ ಪೆಟ್ಟಿಗೆಯಿಂದ, ಹೊರಬರಲು ಸಿದ್ಧವಾದ ಮುಚ್ಚಿದ ಮರಿ ಎರಿಯೊಂದನ್ನು ನೊಣಗಳನ್ನು ಕೊಡವಿ ಹೊಸ ರಾಣಿಯ ಪೆಟ್ಟಿಗೆಗೆ ಕೊಡಿ. ವಾರದೊಳಗೆ ಆ ಎರಿಯ ತುಂಬ ಎಳೆ ನೊಣಗಳು ಹುಟ್ಟಿ ಹೊಸ ರಾಣಿಯ ಮರಿಗಳಿಗೆ ಉಣಿಸಲು ನಿಲ್ಲುತ್ತವೆ. ಪಾಲು ಉಳಿಸುವ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಇರುವುದು ಈ ಒಂದು ಎರಿಯ ಮೇಲೆ. ಪಾನಕಕ್ಕೆ ಖರ್ಚು ಮಾಡುವವರೂ ಇದನ್ನು ಮರೆಯುತ್ತಾರೆ.

ಮೊಟ್ಟೆ ಓದುವುದು

ಇಪ್ಪತ್ತೈದನೇ ದಿನದ ನಂತರ ತೆರೆದಾಗ ರಾಣಿಯನ್ನು ಹುಡುಕುತ್ತ ಹೊತ್ತು ಕಳೆಯಬೇಡಿ, ಮೊಟ್ಟೆ ಹುಡುಕಿ. ಸೂರ್ಯನಿಗೆ ಬೆನ್ನು ಹಾಕಿ ನಿಂತು, ಬೆಳಕು ಹೆಗಲ ಮೇಲಿಂದ ಕೋಶದ ತಳಕ್ಕೆ ಬೀಳುವಂತೆ ಎರಿಯನ್ನು ಹಿಡಿಯಿರಿ. ತಳದಲ್ಲಿ ಬಿಳಿ ದಾರದ ಎಳೆಯಷ್ಟು ಸಣ್ಣದು ಕಾಣುತ್ತದೆ. ನೆಟ್ಟಗೆ ನಿಂತಿದ್ದರೆ ಇವತ್ತಿನದು, ವಾಲಿದ್ದರೆ ನಿನ್ನೆಯದು, ಮಲಗಿದ್ದರೆ ಮೊನ್ನೆಯದು. ಕೋಶಕ್ಕೆ ಒಂದರಂತೆ, ತಳದ ನಟ್ಟನಡುವೆ, ಒಂದಕ್ಕೊಂದು ಸೇರಿದ ಕೋಶಗಳಲ್ಲಿ ಇದ್ದರೆ ರಾಣಿ ಚೆನ್ನಾಗಿದೆ.

ಒಂದೇ ಕೋಶದಲ್ಲಿ ಮೂರು ನಾಲ್ಕು ಮೊಟ್ಟೆ, ಅದೂ ತಳಕ್ಕೆ ಮುಟ್ಟದೆ ಗೋಡೆಗೆ ಅಂಟಿದ್ದರೆ ಅವು ಕೆಲಸಗಾರ ನೊಣಗಳು ಇಟ್ಟವು. ಅವುಗಳ ಹೊಟ್ಟೆ ಗಿಡ್ಡ, ತಳ ಮುಟ್ಟಲಾರದು. ಕೂಡದ ನೊಣದ ಮೊಟ್ಟೆಯಾದ್ದರಿಂದ ಅವುಗಳಿಂದ ಗಂಡು ಮಾತ್ರ ಹುಟ್ಟುತ್ತದೆ, ಸಂಸಾರ ಕರಗಿಹೋಗುತ್ತದೆ. ತುಡುವೆಯಲ್ಲಿ ರಾಣಿ ತಪ್ಪಿದರೆ ಈ ಸ್ಥಿತಿ ಮೆಲ್ಲಿಫೆರಾಕ್ಕಿಂತ ಬೇಗ ಬರುತ್ತದೆ. ಆದರೆ ಹೊಸದಾಗಿ ಇಡಲು ಶುರುಮಾಡಿದ ರಾಣಿಯೂ ಮೊದಲ ಕೆಲವು ದಿನ ಒಂದೊಂದು ಕೋಶಕ್ಕೆ ಎರಡು ಇಡುವುದುಂಟು, ತಳದಲ್ಲೇ ಇಡುತ್ತದೆ. ಅವಸರದ ತೀರ್ಮಾನ ಬೇಡ, ನಾಲ್ಕು ದಿನ ಬಿಟ್ಟು ಮತ್ತೆ ನೋಡಿ.

ಮೊಟ್ಟೆಯೇ ಇಲ್ಲದಿದ್ದರೆ ಹಳೇ ರಾಣಿಯ ಪೆಟ್ಟಿಗೆಯಿಂದ ಮೊಟ್ಟೆ, ಎಳೆ ಹುಳು ಇರುವ ಎರಿ ಕೊಟ್ಟು ಮೂರು ದಿನ ಕಾಯಿರಿ. ರಾಣಿ ಕೋಶ ಕಟ್ಟಲು ತೊಡಗಿದರೆ ಒಳಗೆ ರಾಣಿ ಇಲ್ಲ. ಕಟ್ಟದಿದ್ದರೆ ಹೆಚ್ಚಾಗಿ ರಾಣಿ ಇದೆ, ಇಡಲು ತಡ ಮಾಡುತ್ತಿದೆ. ಮೊಟ್ಟೆ ಇಡುವ ಕೆಲಸಗಾರ ನೊಣಗಳಿದ್ದರೂ ಮೊಟ್ಟೆಯ ಎರಿಯನ್ನು ವಾರಕ್ಕೊಂದರಂತೆ ಎರಡು ಮೂರು ಸಲ ಕೊಟ್ಟು ನೋಡಬಹುದು. ಅಷ್ಟಕ್ಕೂ ಸರಿಹೋಗದಿದ್ದರೆ ಅದಕ್ಕೆ ಮತ್ತೆ ಎರಿ ಸುರಿಯುತ್ತ ಹಳೇ ಸಂಸಾರವನ್ನೂ ಬಡವಾಗಿಸಬೇಡಿ.

ಹೊರಗಿನ ಕಾಟ

ಬಲ ಕುಂದಿದ ಪೆಟ್ಟಿಗೆಗೆ ಮೊದಲು ಬರುವುದು ಮೇಣದ ಹುಳು. ಎರಿಯ ಮೇಲೆ ಜೇಡರ ಬಲೆಯಂಥ ಸುರಂಗ ಕಂಡರೆ ತಡಮಾಡದೆ ಆ ಎರಿ ತೆಗೆಯಿರಿ, ವಾರಕ್ಕೊಮ್ಮೆ ಅಡಿಮಣೆಯ ಕಸ ಗುಡಿಸಿ. ಮೇಣದ ಹುಳು ಹೆಚ್ಚಾದರೆ ತುಡುವೆ ಕಾದಾಡುತ್ತ ಕೂರುವುದಿಲ್ಲ, ಗೂಡು ಬಿಟ್ಟು ಪರಾರಿಯಾಗುತ್ತದೆ. ಇರುವೆಗೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದು ಎಲ್ಲರಿಗೂ ಗೊತ್ತು. ಆದರೆ ಬಟ್ಟಲಿನ ನೀರು ಬತ್ತಿದ್ದು, ಬೆಳೆದ ಹುಲ್ಲೊಂದು ಪೆಟ್ಟಿಗೆಗೆ ತಾಗಿ ಇರುವೆಗೆ ಸೇತುವೆಯಾದದ್ದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ತಂತಿಯ ಮೇಲೆ ಸಾಲಾಗಿ ಕೂರುವ ಕಳ್ಳಿಪೀರಗಳೂ ಕಾಜಾಣವೂ ಹಾರುವ ನೊಣವನ್ನೇ ಹಿಡಿಯುತ್ತವೆ. ಕೆಲಸಗಾರ ನೊಣ ಹೋದರೆ ಒಂದು ಹೋಯಿತು, ಕೂಡಿ ಬರುತ್ತಿರುವ ರಾಣಿ ಹೋದರೆ ಪೆಟ್ಟಿಗೆಯೇ ಹೋಯಿತು. ಹಾಗಾಗಿ ಹೊಸ ಪಾಲನ್ನು ತಂತಿಯ ಕೆಳಗೆ ಇಡದೆ ಮರದ ಮರೆಯಲ್ಲಿ ಇಡಿ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಸುತ್ತಿನವರಿಗೆ ಬೇರೆಯದೇ ಚಿಂತೆ. ಅಲ್ಲಿನ ಗುಡ್ಡಗಳು ಕರಡಿ ಧಾಮ. ಕರಡಿಗೆ ಪೆಟ್ಟಿಗೆಯ ವಾಸನೆ ಸಿಕ್ಕಿದರೆ ಸ್ಟ್ಯಾಂಡು, ಕಲ್ಲು ಯಾವುದೂ ತಡೆಯುವುದಿಲ್ಲ. ಗುಡ್ಡದಂಚಿನ ಹೊಲದಲ್ಲಿ ಪೆಟ್ಟಿಗೆ ಬಿಡಬೇಡಿ, ಮನೆಯ ಹತ್ತಿರ, ರಾತ್ರಿ ದೀಪ ಉರಿಯುವ ಕಡೆ ಇಡಿ. ತೆಗೆದ ಎರಿ ತುಂಡುಗಳನ್ನು ಹೊರಗೆ ಎಸೆಯಬೇಡಿ, ಕರಡಿಗೆ ಕರೆಯೋಲೆ ಅದೇ.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಔಷಧಿ ಸಿಂಪಡಣೆ. 2018ರಲ್ಲಿ ಶಿವಮೊಗ್ಗ ಕಡೆ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಈಗ ಎಲ್ಲೆಡೆಯ ಮೆಕ್ಕೆಜೋಳದಲ್ಲಿದೆ. ಅದಕ್ಕೆ ಹೊಡೆಯುವ ಎಮಾಮೆಕ್ಟಿನ್ ಬೆಂಜೊಯೇಟ್ ಜೇನಿಗೂ ವಿಷ. ತೊಗರಿ ಹೂವಿನಲ್ಲಿದ್ದಾಗ ಕಾಯಿಕೊರಕಕ್ಕೆ, ದಾಳಿಂಬೆಗೆ ಪದೇ ಪದೇ ಹೊಡೆಯುವುದು ಬೇರೆ. ಬಲವಾದ ಸಂಸಾರ ಒಂದು ಸಿಂಪಡಣೆ ತಡೆದುಕೊಂಡೀತು, ಹುಟ್ಟೇ ಇಲ್ಲದ ಹೊಸ ಪಾಲಿಗೆ ತಡೆಯುವ ಶಕ್ತಿ ಇಲ್ಲ. ಪಾಲು ಮಾಡುವ ಮುನ್ನವೇ ಸುತ್ತಲಿನ ಹೊಲದವರ ಹತ್ತಿರ ಮಾತಾಡಿ. ಹೂವಿನ ಮೇಲೆ ಬೇಡ, ಹೊಡೆಯಲೇಬೇಕಾದರೆ ನೊಣ ಗೂಡು ಸೇರಿದ ಮೇಲೆ ಸಂಜೆ ಹೊಡೆಯಿರಿ, ಹಿಂದಿನ ದಿನ ಒಂದು ಮಾತು ಹೇಳಿ ಎಂದು ಕೇಳಿಕೊಳ್ಳಿ. ಹಿಂದಿನ ದಿನ ಗೊತ್ತಾದರೆ ಪೆಟ್ಟಿಗೆಯನ್ನು ರಾತ್ರಿ ದೂರದ ತೋಟಕ್ಕೆ ಸಾಗಿಸಬಹುದು.

ಉಳಿದದ್ದನ್ನು ಕೂಡಿಸುವುದು

ಎಷ್ಟೇ ಜಾಗ್ರತೆ ಮಾಡಿದರೂ ಒಂದೊಂದು ಪಾಲು ಏಳುವುದಿಲ್ಲ. ಕುಸುಬೆ ಮುಗಿಯುವ ಫೆಬ್ರುವರಿ ಕೊನೆಗೆ ಎಲ್ಲ ಪೆಟ್ಟಿಗೆಗಳನ್ನೂ ಒಮ್ಮೆ ತೂಗಿ ನೋಡಬೇಕು. ನಾಲ್ಕು ಎರಿಗೂ ನೊಣವಿಲ್ಲದ ತುಡುವೆ ಸಂಸಾರ ನಮ್ಮ ಏಪ್ರಿಲ್, ಮೇ ತಿಂಗಳ 40 ಡಿಗ್ರಿಯನ್ನು ದಾಟುವುದು ಕಷ್ಟ. ಒಳಗೆ ಗಾಳಿ ಬೀಸಿ, ನೀರು ತಂದು ಚಿಮುಕಿಸಿ ತಂಪು ಮಾಡಲು ಕೈ ಸಾಲುವುದಿಲ್ಲ. ಹೊಸ ಎರಿಯ ಮೇಣ ಮೆತ್ತಗಾಗಿ ಕುಸಿಯುತ್ತದೆ. ಅಂಥದ್ದನ್ನು ಬಲವಾದದ್ದರ ಜೊತೆ ಕೂಡಿಸುವುದು ಸೋಲಲ್ಲ. ಬೇಸಿಗೆಗೆ ಎರಡು ಬಡ ಸಂಸಾರಕ್ಕಿಂತ ಒಂದು ಗಟ್ಟಿ ಸಂಸಾರ ಬೇಕು.

ಕೂಡಿಸುವ ಮುನ್ನ ಎರಡು ಪೆಟ್ಟಿಗೆಗಳನ್ನೂ ದಿನಕ್ಕೆ ಎರಡು ಮೂರು ಅಡಿಯಂತೆ ಹತ್ತಿರ ತನ್ನಿ. ಎರಡರಲ್ಲೂ ರಾಣಿ ಇದ್ದರೆ ಹಳೆಯ, ಕಡಿಮೆ ಮೊಟ್ಟೆ ಇಡುವ ರಾಣಿಯನ್ನು ಹಿಂದಿನ ದಿನವೇ ತೆಗೆಯಬೇಕು. ಸಂಜೆ ರಾಣಿಯಿರುವ ಪೆಟ್ಟಿಗೆಯ ಮುಚ್ಚಳ ತೆಗೆದು ಸಂಸಾರ ಕೋಣೆಯ ಮೇಲೆ ಒಂದು ಹಾಳೆ ಸುದ್ದಿಪತ್ರಿಕೆ ಹಾಸಿ. ಗುಂಡುಸೂಜಿಯಿಂದ ನಾಲ್ಕಾರು ಕಡೆ ಚುಚ್ಚಿ, ಪಾನಕ ಸ್ವಲ್ಪ ಸವರಿ, ಅದರ ಮೇಲೆ ರಾಣಿಯಿಲ್ಲದ ಕೋಣೆಯನ್ನು ಅಡಿಮಣೆ ತೆಗೆದು ಕೂರಿಸಿ. ಎರಡೂ ಕಡೆಯ ನೊಣಗಳು ಕಾಗದ ಕಡಿಯುತ್ತ ನಿಧಾನಕ್ಕೆ ಒಂದರ ವಾಸನೆಗೆ ಒಂದು ಒಗ್ಗುತ್ತವೆ. ಎರಡು ಮೂರು ದಿನಕ್ಕೆ ಬಾಗಿಲ ಮುಂದೆ ಕಾಗದದ ಚೂರು ಬೀಳತೊಡಗಿದರೆ ಕೂಡಿಕೊಂಡಿವೆ ಎಂದರ್ಥ. ವಾರ ಬಿಟ್ಟು ಮರಿ ಇರುವ ಎರಿಗಳನ್ನೆಲ್ಲ ಕೆಳಗಿನ ಕೋಣೆಗೆ ಒಟ್ಟಿ, ಖಾಲಿ ಎರಿಗಳನ್ನು ಗಾಳಿಯಾಡದ ಡಬ್ಬದಲ್ಲಿ ಗಂಧಕದ ಹೊಗೆ ಕೊಟ್ಟು ಮುಚ್ಚಿಡಿ. ಪೆಟ್ಟಿಗೆಯನ್ನು ಬೇವಿನ ನೆರಳಿಗೆ ಸರಿಸುವುದಾದರೆ ಅದನ್ನೂ ಹೀಗೇ ಎರಡು ಮೂರು ಅಡಿಯಂತೆ ಸರಿಸಿ. ಮೇಲೆ ಒದ್ದೆ ಗೋಣಿ ಹೊದಿಸಿ, ಪಕ್ಕದಲ್ಲಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತುಂಬಿ, ನೊಣ ಮುಳುಗದಂತೆ ಬೆಣಚುಕಲ್ಲು ಹಾಕಿಡಿ. ಆ ನೀರು ಮೇ ಮುಗಿಯುವವರೆಗೆ ಒಂದು ದಿನವೂ ಬತ್ತಬಾರದು.